ಸಂತೆಯಲ್ಲಿ ಗುರುತಿಲ್ಲದ ಗಂಡ

ಸಂತೆಗೆ ಮೂರು ಮೊಳ ನೇಯ್ದರಂತೆ, ಸಂತೆಯಲ್ಲಿ ಆರು ಮೊಳ ಸುಳ್ಳು ನೇಯ್ದರಂತೆ!

ಗಾದೆ ಹೀಗಿಲ್ಲ ಎಂದು ಮೂಗು ಮುರಿಯಬೇಡಿ. ದೀನದಯಾಳನ್‌ನನ್ನು ಕಂಡಿದ್ದರೆ ನಮ್ಮ ಹಿರಿಯರು ಹೀಗೇ ಕಟ್ಟುತ್ತಿದ್ದರು. ಸುಳ್ಳೆಲ್ಲ ಅವನದು. ನಾನು ಹೇಳುತ್ತಿರುವುದು ಮಾತ್ರ ನಡೆದದ್ದು ನಡೆದ ಹಾಗೆ.

"ಯಾರಮ್ಮಾ ನೀವು? ಇಷ್ಟು ದೊಡ್ಡ ಸಂತೆಯಲ್ಲಿ ತುಳಿಯೋಕೆ ನನ್ನ ಕಾಲೇ ಬೇಕಿತ್ತಾ?"

ಶೋಭನಾ ಬೆಚ್ಚಿ ತಲೆ ಎತ್ತಿದಳು. ಎದುರಿಗೆ ಬಿಳಿ ಮೀಸೆ, ಚೂಪು ಮೂಗು, ಕಣ್ಣ ತುಂಬ ತುಂಟತನ. ಅವಳ ಎದೆ ಧಡ್ ಎಂದಿತು...

ಪ್ರೇಮದಿಂದಲ್ಲ. ಕೋಪದಿಂದ!

ಯಾಕೆಂದರೆ ಆತ, ಅಂದರೆ ಈ ದೀನದಯಾಳನ್, ಅವಳ ಗಂಡ. ಮದುವೆಯಾಗಿ ಮೂವತ್ತೊಂಬತ್ತು ವರ್ಷ.

ಇದು ಆ ನೇಕಾರರ ಮನೆಯ ಹಳೆಯ ಪದ್ಧತಿ. ತುಡಿಯಲೂರಿನ ಮನೆಗೆ ಬೀಗ ಹಾಕುವಾಗ ಇಬ್ಬರೂ ಗಂಡ ಹೆಂಡತಿ. ಗಾಂಧಿಪುರಂನಲ್ಲಿ ಬಸ್ಸು ಬದಲಿಸುವಾಗಲೂ ಗಂಡ ಹೆಂಡತಿ. ತಿರುಪ್ಪೂರಿನ ಹೊರಬಯಲಿನ ಹಳೇ ಸಾಮಾನಿನ ಸಂತೆಗೆ ಕಾಲಿಟ್ಟರೋ, ಒಬ್ಬರಿಗೊಬ್ಬರು ಗುರುತೇ ಇಲ್ಲ! ಮೊದಲು ಅವನು ಹೋಗಿ ಸಾಮಾನಿಗೆ ಹೆಸರಿಡಬೇಕು. ಅವನು ಬೈದು ಬೈದು ಬೆಲೆ ಇಳಿಸಿದ ಮೇಲೆ ಇವಳು ದಾರಿಹೋಕಳ ಹಾಗೆ ಬಂದು ಕೊಳ್ಳಬೇಕು. ತುರ್ತು ಮಾತಿದ್ದರೆ ಮನೆಮಾತು ಕನ್ನಡದಲ್ಲಿ ಗೊಣಗಿಕೊಳ್ಳುವುದು. ಸಂತೆಯೆಲ್ಲ ತಮಿಳು... ಯಾರಿಗೆ ತಿಳಿಯುತ್ತೆ?

ಇವತ್ತು ಶೋಭನಾಗೆ ಬೇಕಾದದ್ದು ಆಳೆತ್ತರದ ಕನ್ನಡಿ.

ಬೆಳಿಗ್ಗೆ ಆಸೆಯಿಂದ ಬಾಯಿ ಬಿಟ್ಟಾಗ ಅವನು ತನ್ನ ಸತ್ತ ತಾಯಿಯ ದನಿಯಲ್ಲಿ ಅಣಕಿಸಿದ್ದ. "ಅರವತ್ತೊಂದಕ್ಕೆ ಆಳೆತ್ತರದ ಕನ್ನಡಿ ಯಾಕಡೀ? ನಿನ್ನ ನೋಡೋಕೆ ಯಾರು ಕಾದವ್ರೆ?"

ಅವನ ಪಾಲಿಗೆ ತಮಾಷೆ. ಅವಳಿಗೆ ಅದು ಬಸ್ಸಿನುದ್ದಕ್ಕೂ ಚುಚ್ಚಿತ್ತು.

'ಕಂಡಕ್ಟರ್ ದನಿ ಬರುತ್ತೆ. ಪಕ್ಕದ ಮನೆ ಮೇಕೆ ದನಿ ಬರುತ್ತೆ. ಈ ಮನುಷ್ಯನಿಗೆ ಸ್ವಂತ ದನಿ ಒಂದು ಬಿಟ್ಟು ಎಲ್ಲ ಬರುತ್ತೆ! ಹೆಣ್ಣು ನೋಡೋಕೆ ಬಂದ ದಿನ ಒಂದು ಸಲವೂ ತಲೆ ಎತ್ತಲಿಲ್ಲ. "ಹುಡುಗಿ ಒಪ್ಪಿಗೆಯಾ?" ಅಂತ ಅವರಪ್ಪ ಕೇಳಿದರೆ, ಅವರಪ್ಪನ ದನಿಯಲ್ಲೇ "ಆಗಲಿ" ಅಂದ. ಮನೆಯೆಲ್ಲ ನಕ್ಕಿತು. ನನ್ನ ಇಷ್ಟಪಟ್ಟು ಕಟ್ಟಿಕೊಂಡನಾ? ತಮಾಷೆಗೆ ಅಂದ ಮಾತು ತಾಳಿಯಾಯ್ತಾ? ಸಾಯೋದರೊಳಗೆ ಅದೊಂದು ತಿಳಿದರೆ ಸಾಕು...'

ಕನ್ನಡಿ ಸಿಕ್ಕಿತ್ತು. ಸೆಲ್ಲಮ್ಮ ಎಂಬ ಮುದುಕಿಯ ಅಂಗಡಿಯಲ್ಲಿ ಒಂದು ಕಡೆ ಎಕ್ಸ್‌ಪೋರ್ಟಿಗೆ ಆಗದೆ ಉಳಿದ ಬನಿಯನ್ ರಾಶಿ, ಇನ್ನೊಂದು ಕಡೆ ರೆಕ್ಕೆ ಮುರಿದ ಫ್ಯಾನುಗಳು. ನಡುವೆ ತೇಗದ ಚೌಕಟ್ಟಿನ ಕನ್ನಡಿ.

"ಏನುಂಗ, ನನಗೆ ಇದು ಬೇಕೇ ಬೇಕು. ಅತಿಯಾಗಿ ಆಡಿ ಕೆಡಿಸಬೇಡಿ," ಬನಿಯನ್ ಕೆದಕುತ್ತಾ ಶೋಭನಾ ಗಂಡನಿಗೆ ಕನ್ನಡದಲ್ಲಿ ಗೊಣಗಿದಳು.

"ನೀ ಯಾರೋ, ನಾ ಯಾರೋ. ದೂರ ನಿಲ್ಲು ಪುಳ್ಳೆ," ಹೆಂಡತಿಯನ್ನು ಮನೆಯಲ್ಲಿ ಕರೆಯುವ ಹಾಗೇ ಕರೆದು, ಅವನೂ ತುಟಿ ಅಲುಗಿಸದೆ ಗೊಣಗಿದ.

ಸೆಲ್ಲಮ್ಮನ ಬಾಯಲ್ಲಿ ಎಲೆಅಡಿಕೆ ಅಗಿಯುವುದು ಒಂದು ಕ್ಷಣ ನಿಂತಿತು. ಮತ್ತೆ ಶುರುವಾಯಿತು.

ಅವನು ರಿಟೈರ್ಡ್ ಕಲೆಕ್ಟರನ ಗತ್ತಿನಲ್ಲಿ ತಮಿಳಿನಲ್ಲಿ ಶುರು ಮಾಡಿದ. "ಎನ್ನಮ್ಮಾ ಇದು? ಇದರಲ್ಲಿ ನನ್ನ ಮೂಗು ಪೊಳ್ಳಾಚಿ ತನಕ ಹೋಗ್ತಿದೆ!"

"ಮೂಗು ನೀವು ತಂದದ್ದು, ಅಯ್ಯಾ. ಕನ್ನಡಿ ಏನು ಮಾಡುತ್ತೆ?" ಎಂದಳು ಸೆಲ್ಲಮ್ಮ.

ಗತ್ತು ನಡೆಯಲಿಲ್ಲ. ತಕ್ಷಣ ಕಲೆಕ್ಟರ್ ಹೋಗಿ ಅಳುವ ಮುದುಕ ಬಂದ.

"ನನ್ನ ಹೆಂಡತಿ ಹೋಗ್ಬಿಟ್ಲಮ್ಮಾ... ಅವಳಿಗೆ ಕನ್ನಡಿ ಅಂದ್ರೆ ಪ್ರಾಣ. ನೆನಪಿಗೆ ಒಂದಿರಲಿ ಅಂತ..."

ಹೋಗ್ಬಿಟ್ಲಾ?!

ಶೋಭನಾಳ ಕೈಯಿಂದ ಬನಿಯನ್ ಜಾರಿತು. 'ಎರಡು ಮೊಳ ದೂರದಲ್ಲಿ ನಿಂತಿದ್ದೀನಿ. ತಿಂದ ಇಡ್ಲಿ ಇನ್ನೂ ಕರಗಿಲ್ಲ. ಅಷ್ಟರಲ್ಲಿ ಕೊಂದೇಬಿಟ್ಟನಲ್ಲ! ಒಂದು ಕನ್ನಡಿಗೆ!'

"ಅಯ್ಯೋ ಪಾಪ! ಯಾವಾಗ?" ಸೆಲ್ಲಮ್ಮ ಸೆರಗು ಬಾಯಿಗಿಟ್ಟಳು.

"ಇವತ್ತು ಬೆಳಿಗ್ಗೆ... ಅಲ್ಲಲ್ಲ, ಹೋದ ವರ್ಷ."

"ಹೇಗಿದ್ದರು ಆ ಮಹಾತಾಯಿ?"

"ಹುಲಿ ಅಮ್ಮಾ, ಹುಲಿ! ಒಂದು ಸಲ ಕೂಗಿದರೆ ಬೀದಿಯ ಪವರ್‌ಲೂಮೆಲ್ಲ ನಿಂತುಹೋಗ್ತಿತ್ತು!"

ಸೆಲ್ಲಮ್ಮ ಎಲೆ ಉಗಿದು ನೆಟ್ಟಗೆ ಕೂತಳು.

"ಅಯ್ಯಾ, ಹೋದವರ ಮೇಲೆ ತಮಾಷೆ ಬೇಡ. ಆಕೆಯ ಬಗ್ಗೆ ಒಂದೇ ಒಂದು ನಿಜ ಹೇಳಿ, ನೀವು ಕೇಳಿದ ಬೆಲೆಗೆ ಎತ್ತಿಕೊಂಡು ಹೋಗಿ. ಸುಳ್ಳಾದರೆ ಕನ್ನಡಿ ಮಾರೋದೇ ಇಲ್ಲ." ಆಮೇಲೆ ಶೋಭನಾ ಕಡೆ ತಿರುಗಿ, "ಅಮ್ಮಾ, ನೀವು ಮೂರನೆಯವರು. ಬನ್ನಿ, ಕೂತ್ಕೊಳ್ಳಿ. ನಿಜವೋ ಸುಳ್ಳೋ ನೀವೇ ತೀರ್ಪು ಹೇಳಿ."

ಶೋಭನಾ ಮಗುಚಿದ ಡಬ್ಬದ ಮೇಲೆ ಕೂತಳು. ಗಂಡನನ್ನು ದುರುಗುಟ್ಟಿ ನೋಡಿದಳು. 'ಹೇಳಪ್ಪಾ ರಾಜಾ. ಈಗ ಯಾರ ದನಿ ತರ್ತೀಯೋ ನೋಡ್ತೀನಿ!'

ಅವನು ಬಾಯಿ ತೆರೆದ. ಕಂಡಕ್ಟರ್ ಬರಲಿಲ್ಲ. ಕಲೆಕ್ಟರ್ ಬರಲಿಲ್ಲ. ಕೊನೆಗೆ ಬಂದದ್ದು ತೆಳ್ಳನೆಯ, ಒಂದಿಷ್ಟು ನಡುಗುವ ದನಿ. ಶೋಭನಾ ಆ ದನಿಯನ್ನು ಅವನ ಜ್ವರದಲ್ಲಿ ಬಿಟ್ಟರೆ ಬೇರೆಲ್ಲೂ ಕೇಳಿರಲಿಲ್ಲ.

"ಅವಳನ್ನು ನೋಡೋಕೆ ಹೋದಾಗ... ಹಿರಿಯರ ಎದುರು ತಲೆ ಎತ್ತೋಕೆ ಧೈರ್ಯ ಬರಲಿಲ್ಲ. ಪಕ್ಕದಲ್ಲಿ ಬೀರು ಇತ್ತು. ಅದರ ಕನ್ನಡಿ ಕೆಳಗಿನ ತನಕ. ತಲೆ ತಗ್ಗಿಸಿಕೊಂಡೇ ಅದರಲ್ಲಿ ನೋಡ್ತಾ ಕೂತೆ. ಎಲ್ಲರಿಗೂ ಕಾಫಿ ಕೊಟ್ಟು ಒಳಗೆ ಹೋದವಳು, ಬಾಗಿಲ ಹಿಂದೆ ನಿಂತು, ಬೆರಳಿಗೆ ಅಂಟಿದ ಕಾಫಿ ನೆಕ್ಕಿದಳು. ನೆಕ್ಕಿ, ಕಣ್ಣು ಇಷ್ಟಗಲ ಮಾಡಿದಳು. ಅದು ಕಂಡದ್ದು ನನಗೊಬ್ಬನಿಗೇ... ಅಷ್ಟೇ ಅಮ್ಮಾ. ಇನ್ನೊಂದು ಹೆಣ್ಣು ನೋಡೋದು ಬೇಡ ಅನ್ನಿಸಿಬಿಡ್ತು."

ಸಂತೆಯ ಗದ್ದಲವೆಲ್ಲ ಎಲ್ಲೋ ದೂರ ಸರಿದಂತಾಯಿತು ಶೋಭನಾಗೆ. ಆ ಬಾಗಿಲು... ಆ ಬೆರಳು... ಅದನ್ನು ಅವಳು ಹೆತ್ತ ತಾಯಿಗೂ ಹೇಳಿರಲಿಲ್ಲ!

"ಇದನ್ನ... ಆಕೆಗೆ ಒಂದು ದಿನವಾದರೂ ಹೇಳಿದ್ರಾ?" ಅವಳ ದನಿ ಒಡೆಯಿತು.

"ಇಲ್ಲಮ್ಮಾ."

"ಯಾಕೆ? ಊರಿನವರ ದನಿಯೆಲ್ಲ ಬರುತ್ತಲ್ಲ ನಿಮಗೆ!"

"ಅದಕ್ಕೇ. ಬೇರೆಯವರ ದನಿಯಲ್ಲಿ ಹೇಳಿದ್ದಕ್ಕೆ ನಕ್ಕರೆ, ನಕ್ಕದ್ದು ಅವರನ್ನ. ನನ್ನ ದನಿಯಲ್ಲಿ ಹೇಳಿ, ಅವಳು ನಕ್ಕುಬಿಟ್ಟರೆ...?"

ಅವನು ನೆಲ ನೋಡುತ್ತಿದ್ದ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. 'ದಡ್ಡ... ಮಹಾದಡ್ಡ! ಇದಕ್ಕೆ ಮೂವತ್ತೊಂಬತ್ತು ವರ್ಷ ಬೇಕಿತ್ತಾ? ಅದೂ ನನ್ನ ಸಾಯಿಸಿದ ಮೇಲೆ!'

"ನಿಜವೇ ಹೇಳ್ತಿದಾರೆ," ಎಂದಳು ಸೆಲ್ಲಮ್ಮನಿಗೆ.

"ಹಾಗಾದರೆ ಸರಿ!" ಸೆಲ್ಲಮ್ಮ ಚಪ್ಪಾಳೆ ತಟ್ಟಿದಳು. "ಅಯ್ಯಾ, ನಿಮಗೆ ಹೆಂಡತಿ ಇಲ್ಲ. ಈ ಅಮ್ಮನೂ ಸಂತೆಗೆ ಒಬ್ಬರೇ ಬಂದಿದಾರೆ, ನಿಮ್ಮ ಕಥೆಗೆ ಕಣ್ಣೀರು ಬೇರೆ ಹಾಕಿದಾರೆ. ಇವರನ್ನೇ ಕಟ್ಟಿಕೊಳ್ಳಿ! ಕನ್ನಡಿ ಮದುವೆಗೆ ನನ್ನ ಉಡುಗೊರೆ. ಆ ಹೂವಿನವಳನ್ನ ಕರೀಲಾ?"

ದೀನದಯಾಳನ್ ಬೆವೆತುಹೋದ. ಹೆಂಡತಿಯ ಕಡೆ ಬಾಗಿ ಕನ್ನಡದಲ್ಲಿ ಪಿಸುಗುಟ್ಟಿದ. "ಏ ಪುಳ್ಳೆ, ಈ ಮುದುಕಿ ಬಿಡೋ ಹಾಗಿಲ್ಲ. ಓಡಿಬಿಡೋಣ್ವಾ?"

"ಓಡೋಕೆ ಮಂಡಿ ಬೇಕಲ್ಲ ಸಾಮಿ?"

ಕನ್ನಡ! ಅಚ್ಚ ಕನ್ನಡ! ಬಂದದ್ದು ಸೆಲ್ಲಮ್ಮನ ಬಾಯಿಂದ!

"ನಮ್ಮೂರು ತಾಳವಾಡಿ. ನಮ್ಮ ಮನೇಲೂ ಇದೇ ಮಾತು. ನೀವು ಗೊಣಗೋಕೆ ಶುರು ಮಾಡಿದಾಗಿಂದ ಕೇಳ್ತಾನೆ ಇವ್ನಿ. ಸತ್ತ ಹೆಂಡತಿ ಪಕ್ಕದಲ್ಲೇ ನಿಂತು ಬನಿಯನ್ ಆರಿಸ್ತಾವ್ಳೆ! ಸುಮ್ನೆ ಬಿಡೋಕೆ ಆಯ್ತದಾ ನಿಮ್ಮನ್ನ?"

ಅವನ ಮುಖದಿಂದ ಎಲ್ಲ ವೇಷವೂ ಕಳಚಿ ಬಿತ್ತು. ಹೆದರಿ ಹೆಂಡತಿಯ ಕಡೆ ನೋಡಿದ.

"ಶೋಭನಾ... ನಗ್ತೀಯಾ?"

"ಮೊದಲು ಒಂದು ಮಾತು ಕೇಳಿ." ಅವಳು ಎದ್ದು ಅವನ ಪಕ್ಕ ನಿಂತಳು. ಈ ಸಲ ಬೇಕೆಂದೇ, ಭುಜ ತಾಗುವಷ್ಟು ಹತ್ತಿರ. "ಆವತ್ತು ನಾನು ಕಣ್ಣು ಅಗಲ ಮಾಡಿದ್ದು ಯಾಕೆ ಗೊತ್ತಾ? ಕಾಫಿಗೆ ಸಕ್ಕರೆ ಹಾಕೋದೇ ಮರೆತಿದ್ದೆ! ನೆಕ್ಕಿದ ಮೇಲೆ ತಿಳೀತು. ಎಲ್ಲರೂ ಲೋಟ ಕೆಳಗಿಟ್ಟರು. ನೀವೊಬ್ಬರೇ ಪೂರ್ತಿ ಕುಡಿದಿರಿ."

"ಸಕ್ಕರೆ ಇರಲಿಲ್ವಾ?"

"ಇರಲಿಲ್ಲ."

"ಕನ್ನಡಿ ನೋಡೋ ಗಡಿಬಿಡೀಲಿ ನನಗೆ ತಿಳೀಲೇ ಇಲ್ವಲ್ಲೇ!"

ಸೆಲ್ಲಮ್ಮ ನಕ್ಕಳು. ಶೋಭನಾ ತಡೆಯಲಾರದೆ, ಕಣ್ಣೀರಿನ ನಡುವೆಯೇ, ಅವನ ತೋಳು ಹಿಡಿದು ನಕ್ಕಳು. ಅವನು ಇಷ್ಟು ವರ್ಷ ಹೆದರಿದ್ದ ಅದೇ ನಗು! ಒಂದು ಗಳಿಗೆ ಅದನ್ನು ಪಿಳಿಪಿಳಿ ನೋಡಿದ ದೀನದಯಾಳನ್, ಆಮೇಲೆ ಫ್ಯಾನಿನ ರಾಶಿಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಸಂತೆಯ ಆಚೆ ಬದಿಯವರೂ ತಿರುಗಿ ನೋಡುವಂತೆ, ಅವರಿಬ್ಬರಿಗಿಂತ ಜೋರಾಗಿ ನಕ್ಕ.