ಸೀಲ್ ಒಡೆದ ಫೋನ್

"ಈ ಡಬ್ಬದ ಸೀಲ್ ಯಾರು ಒಡೆದಿದ್ದು?"

ನಮಸ್ಕಾರವಿಲ್ಲ, ಮುಗುಳ್ನಗೆಯಿಲ್ಲ. ಪತ್ರಿಕಾ ಕಚೇರಿಯ ಬಾಗಿಲಲ್ಲಿ ನಿಂತಿದ್ದ ಫೋನ್ ಕಂಪನಿಯ ತಂತ್ರಜ್ಞನಿಗೆ ಅವಳಾಡಿದ ಮೊದಲ ಮಾತೇ ಇದು!

ಆತ ಕೈಯಲ್ಲಿದ್ದ ಕಪ್ಪು ಡಬ್ಬವನ್ನೊಮ್ಮೆ ನೋಡಿಕೊಂಡ.

"ನಾನೇ ಮೇಡಂ... ಬ್ಯಾಟರಿ ಸರಿಯಾಗಿದೆಯಾ ಅಂತ ನೋಡೋಕೆ ತೆಗೆದೆ."

"ಫ್ಯಾಕ್ಟರಿಯಿಂದ ಬಂದಿರೋ ಹೊಸ ಫೋನಿನ ಬ್ಯಾಟರಿ ನೋಡೋಕಾ?"

"ಹೂಂ."

"ಹೂಂ ಅಂತೆ!"

ಡಬ್ಬ ಕಿತ್ತುಕೊಳ್ಳುವಾಗ ಆತನ ಬೆರಳು ಅವಳ ಬೆರಳಿಗೆ ತಗುಲಿತು. ಆತನ ಕಣ್ಣು ತುಂಬಾ ಶಾಂತವಾಗಿತ್ತು. ಅದು ತನ್ನ ಗಮನಕ್ಕೆ ಬಂದದ್ದಕ್ಕೇ ಅವಳಿಗೆ ಸಿಟ್ಟು ಬಂತು.

ಇಷ್ಟೊಂದು ಅನುಮಾನ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ವಾರಪತ್ರಿಕೆಯಲ್ಲಿ ಹೊಸ ಫೋನುಗಳ ಗುಣ ದೋಷ ಬರೆಯುವುದು ಅವಳ ಕೆಲಸ. ಓದುಗರು ಪ್ರೀತಿಯಿಂದ 'ತಕ್ಕಡಿ ಮೇಡಂ' ಎನ್ನುತ್ತಾರೆ. ನಾಲ್ಕು ವರ್ಷದ ಹಿಂದೆ ಒಂದು ಕಂಪನಿ ಅವಳಿಗೆಂದೇ ವಿಶೇಷವಾಗಿ ತಯಾರಿಸಿದ ಫೋನ್ ಕಳಿಸಿತ್ತು. ಅವಳು ಹಾಡಿ ಹೊಗಳಿದಳು. ಅವಳ ಮಾತು ನಂಬಿ ಜನ ಅಂಗಡಿಯಲ್ಲಿ ಕೊಂಡದ್ದು ಬೇರೆಯದೇ ಸರಕು. ಎರಡೇ ತಿಂಗಳಿಗೆ ಕೆಟ್ಟು ಕೂತಿತು. "ನಿನ್ನನ್ನು ನಂಬಿ ತಗೊಂಡೆ ಮಗಳೇ" ಎಂದು ನಿವೃತ್ತ ಮೇಷ್ಟ್ರೊಬ್ಬರು ಬರೆದ ಪತ್ರ ಓದಿ ಅವಳು ಊಟ ಬಿಟ್ಟು ಅತ್ತಿದ್ದಳು. ತನ್ನ ಅಂಕಣದಲ್ಲೇ ಕ್ಷಮೆ ಕೇಳಿದ್ದಳು.

ಇನ್ನೊಮ್ಮೆ ಹಾಗಾದರೆ ಅವಳ ಮಾತನ್ನು ಯಾರೂ ನಂಬುವುದಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಈಗ ಕೈಗೆ ಬಂದದ್ದು ಮಾರುಕಟ್ಟೆಯಲ್ಲೇ ದುಬಾರಿ ಫೋನ್. ಬೆನ್ನಿಗೆ ಮರ, ಬಟ್ಟೆ, ಲೋಹ, ಯಾವುದು ಬೇಕೋ ಅದು. ಎರಡೂ ಪಕ್ಕದ ಗುಂಡಿಗಳಿಗೆ ನಾವು ಹೇಳಿದ ಕೆಲಸ. ಅಕ್ಷರ, ಸದ್ದು, ಕ್ಯಾಮೆರಾದ ಬಣ್ಣ, ಎಲ್ಲವೂ ನಮ್ಮಿಷ್ಟ. ಪರೀಕ್ಷೆಗೆ ಮೂರು ವಾರ.

ಎರಡನೆಯ ದಿನವೇ ಅವಳಿಗೆ ದಿಗಿಲಾಯಿತು.

ಅವಳು ಎಡಚಿ. ಈ ಫೋನಿನಲ್ಲಿ ಎಡಗೈ ಹೆಬ್ಬೆರಳಿಗೆ ಸಿಗುವ ಗುಂಡಿಗೇ ಕೆಲಸ ಹಚ್ಚಿತ್ತು. ಒತ್ತಿದರೆ ಧ್ವನಿಮುದ್ರಣ ಶುರು. ಅವಳು ನಡೆಯುತ್ತಾ ಮಾತಾಡಿಕೊಂಡೇ ಬರಹ ಕಟ್ಟುವವಳು! ಬಿಳಿ ಪರದೆ ನೋಡಿದರೆ ಅವಳಿಗೆ ತಲೆನೋವು. ಇದರ ಪರದೆ ತಿಳಿಹಳದಿ. ಥಟ್ಟನೆ ಸದ್ದಾದರೆ ಬೆಚ್ಚಿಬೀಳುತ್ತಾಳೆ. ಇದು ಮೊದಲು ಪಿಸುಗುಟ್ಟಿ, ಆಮೇಲೆ ಮೆಲ್ಲಗೆ ದನಿಯೇರಿಸುತ್ತಿತ್ತು.

'ಒಳಗೆ ಕೂತು ಯಾರಾದ್ರೂ ನನ್ನನ್ನ ನೋಡ್ತಿದ್ದಾರಾ?'

ಕ್ಯಾಮೆರಾ ಮೇಲೆ ಅಂಟುಪಟ್ಟಿ ಹಚ್ಚಿದಳು. ಮರುದಿನ ಕ್ಯಾಮೆರಾ ಪರೀಕ್ಷಿಸಲು ತಾನೇ ಕಿತ್ತಳು, ಪಾಪ.

ಮೂರು ದಿನಕ್ಕೊಮ್ಮೆ ಆತ ಬಂದು ತೊಂದರೆ ಏನಾದರೂ ಇದೆಯೇ ಎಂದು ಕೇಳುತ್ತಿದ್ದ. ಅವಳು ಹುಡುಕಿ ಹುಡುಕಿ ದೋಷವನ್ನೇ ಹೇಳುತ್ತಿದ್ದಳು.

"ತುಂಬಾ ಭಾರ. ಹತ್ತು ನಿಮಿಷ ವಿಡಿಯೋ ತೆಗೆದ್ರೆ ಕೈ ಸುಡುತ್ತೆ. ಬಟ್ಟೆಯ ಬೆನ್ನು ವಾರಕ್ಕೇ ಕೊಳೆಯಾಯ್ತು. ಸೆಟ್ಟಿಂಗ್ಸ್ ಒಳಗೆ ಹೋದ್ರೆ ಹೊರಗೆ ಬರೋ ದಾರೀನೇ ಸಿಗಲ್ಲ!"

ಆತ ಎಲ್ಲವನ್ನೂ ಬರೆದುಕೊಂಡ.

"ಒಂದಕ್ಕಾದ್ರೂ ಸಮಜಾಯಿಷಿ ಕೊಡಬಾರದಾ?"

"ನಿಜಾನೇ ಹೇಳ್ತಿದ್ದೀರಲ್ಲ ಮೇಡಂ. ಏನಂತ ಕೊಡಲಿ?"

ಬೆಣ್ಣೆ ಹಚ್ಚುವವರನ್ನು ಅವಳು ಎಷ್ಟೋ ಮಂದಿ ಕಂಡಿದ್ದಳು. ಇವನು ಹಚ್ಚುತ್ತಿಲ್ಲ. ಆದ್ದರಿಂದಲೇ ಇವನ ಮೇಲೆ ಇಮ್ಮಡಿ ಅನುಮಾನ! ಆದರೂ ಆತ ಬರುವ ದಿನ ಕನ್ನಡಿಯ ಮುಂದೆ ಎರಡೆರಡು ಸಲ ತಲೆ ಬಾಚಿಕೊಳ್ಳುತ್ತಿದ್ದಳು. ಆತ ಹೋದ ಮೇಲೆ ಕಚೇರಿ ಯಾಕೋ ಬಿಕೋ ಎನ್ನುತ್ತಿತ್ತು.

ಅವಳಿದ್ದದ್ದು ಅಕ್ಕನ ಮನೆಯಲ್ಲಿ. ಅಕ್ಕ ಹಲ್ಲಿನ ಡಾಕ್ಟರ್. ಮೂರನೆಯ ವಾರ ಅಕ್ಕನೂ ಅಂಗಡಿಯಿಂದ ಅದೇ ಫೋನ್ ಕೊಂಡು ತಂದಳು. ನಾಲ್ಕೇ ದಿನಕ್ಕೆ ಗೊಣಗಾಟ ಶುರುವಾಯಿತು.

"ಸಂಜೆ ನಾಲ್ಕಕ್ಕೆಲ್ಲ ಸತ್ತುಬಿದ್ದಿರುತ್ತೆ ಕಣೇ ಇದು!"

"ನಾಲ್ಕಕ್ಕಾ? ನಂದು ಮಾರನೇ ದಿನ ಮಧ್ಯಾಹ್ನದವರೆಗೂ ಬರುತ್ತಲ್ಲ..."

ಹೇಳುತ್ತಲೇ ಅವಳಿಗೆ ಹೊಳೆಯಿತು. ಒಡೆದ ಸೀಲ್! ಮತ್ತೆ ಅದೇ ಮೋಸ! ಈ ಸಲ ಮಾಡಿದವನು... ಅವನು. ಕಣ್ಣು ತುಂಬಿ ಬಂತು. ಒಳ್ಳೆಯವನಿರಬಹುದು ಎಂದು ತನಗೇ ತಿಳಿಯದಂತೆ ನಂಬಿಬಿಟ್ಟಿದ್ದಳು.

ಭಾನುವಾರ ಬೆಳಿಗ್ಗೆ ಆತನನ್ನು ಮನೆಗೇ ಕರೆಸಿದಳು. ಊಟದ ಮೇಜಿನ ಮೇಲೆ ಎರಡೂ ಫೋನ್ ಇಟ್ಟಳು.

"ನನಗೆ ಟೋಪಿ ಹಾಕೋಕೆ ಬೇರೆ ಫೋನ್ ಕೊಟ್ರಿ. ಹೌದೋ ಅಲ್ವೋ?"

ಆತನ ಮುಖ ಬಿಳಿಚಿತು. "ಫೋನ್ ಅದೇ ಮೇಡಂ. ಸೀಲ್ ಒಡೆದಿದ್ದು ತಪ್ಪು, ಬ್ಯಾಟರಿ ನೋಡೋಕೆ ಅಂದಿದ್ದು ಸುಳ್ಳು. ಎರಡೂ ಒಪ್ಕೋತೀನಿ. ನಾನು ಮಾಡಿದ್ದು ಬರೀ ಸೆಟ್ಟಿಂಗ್. ಡಾಕ್ಟರಮ್ಮನ ಫೋನ್ ಒಂದು ಗಂಟೆ ಕೊಡಿ, ನಿಮ್ಮ ಕಣ್ಣೆದುರೇ ಮಾಡಿ ತೋರಿಸ್ತೀನಿ."

ಲ್ಯಾಪ್‌ಟಾಪ್ ಇಲ್ಲ, ಉಪಕರಣವಿಲ್ಲ. ಅಕ್ಕನ ಪಕ್ಕ ಕುರ್ಚಿ ಎಳೆದುಕೊಂಡು ಕೂತ.

"ಯಾವ ಕೈಯಲ್ಲಿ ಹಿಡೀತೀರಿ? ಪೇಷೆಂಟ್ ಇರುವಾಗ ರಿಂಗ್ ಆಗ್ಬೇಕಾ? ಹಲ್ಲಿನ ಫೋಟೋ ತೆಗೀತೀರಾ? ಕನ್ನಡಕ ಯಾವಾಗ ಹಾಕ್ಕೋತೀರಿ?"

ಒಂದಾದ ಮೇಲೊಂದು ಪ್ರಶ್ನೆ. ಅಕ್ಕನಿಗೋ ಖುಷಿಯೋ ಖುಷಿ.

"ನಮ್ಮನೆಯವ್ರು ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಇಷ್ಟು ಕೇಳಿಲ್ಲಪ್ಪಾ!"

ಆತ ನಗಲಿಲ್ಲ. "ನಿಮಗೆ ಬೇಡದ ಮೂವತ್ತೆಂಟು ಕೆಲಸ ಇದು ಒಳಗೊಳಗೇ ಮಾಡ್ತಾ ಇತ್ತು. ನಿಲ್ಲಿಸಿದೀನಿ. ನಾಳೆ ನೋಡಿ" ಎಂದು ಕಾಫಿಯನ್ನೂ ಕುಡಿಯದೆ ಎದ್ದು ಹೋದ.

ಮರುದಿನ ನಾಲ್ಕಕ್ಕೆ ಅವಳೇ ಅಕ್ಕನ ಕ್ಲಿನಿಕ್ಕಿಗೆ ಓಡಿದಳು. ಅರ್ಧಕ್ಕಿಂತ ಹೆಚ್ಚು ಬ್ಯಾಟರಿ ಉಳಿದಿತ್ತು!

ಹಾಗಾದರೆ ಆತ ಹೇಳಿದ್ದು ನಿಜ. ಎದೆಯ ಮೇಲಿನ ಭಾರ ಇಳಿಯಿತು. ಆದರೆ ಮೆಟ್ಟಿಲು ಇಳಿಯುತ್ತಿದ್ದವಳು ನಡುವೆಯೇ ನಿಂತುಬಿಟ್ಟಳು.

'ಅಕ್ಕನಿಗೆ ಅಷ್ಟೊಂದು ಪ್ರಶ್ನೆ ಕೇಳಿದ. ನನಗೆ ಒಂದೂ ಕೇಳಲಿಲ್ಲವಲ್ಲ!'

ಆಟೋ ಹಿಡಿದು ನೇರವಾಗಿ ಆತನ ಸರ್ವಿಸ್ ಕೋಣೆಗೇ ಹೋದಳು. ಆತ ದೀಪದ ಕೆಳಗೆ ಬಗ್ಗಿ ಸಾಸಿವೆಯಷ್ಟು ಸಣ್ಣ ಸ್ಕ್ರೂ ಎತ್ತುತ್ತಿದ್ದ. ಅವಳನ್ನು ಕಂಡು ಕೈ ತಪ್ಪಿ ಅದು ಉರುಳಿಹೋಯಿತು.

"ನಾನು ಎಡಚಿ ಅಂತ ಯಾರು ಹೇಳಿದ್ರು ನಿಮಗೆ?"

"ನೀವೇ."

"ನಾನಾ? ಯಾವಾಗ?"

"ಎರಡು ವರ್ಷದ ಹಿಂದೆ, ಮಡಚೋ ಫೋನಿನ ಬಗ್ಗೆ ಬರೆದಾಗ. 'ಎಡಗೈಯವರನ್ನು ಈ ಕಂಪನಿ ಮನುಷ್ಯರೆಂದೇ ಎಣಿಸಿಲ್ಲ' ಅಂದಿದ್ರಿ. ಇನ್ನೊಂದರಲ್ಲಿ ಬಿಳಿ ಪರದೆಯಿಂದ ತಲೆನೋವು ಅಂತ. ಇನ್ಯಾವುದೋ ಫೋನಿನ ರಿಂಗ್ ಕೇಳಿ ಕೈಲಿದ್ದ ಲೋಟ ಬಿತ್ತು ಅಂತ..." ಆತ ತಲೆ ತಗ್ಗಿಸಿದ. "ಎಲ್ಲರೂ ಫೋನಿಗೋಸ್ಕರ ಓದ್ತಾರೆ. ನಾನು ನಿಮಗೋಸ್ಕರ ಓದ್ತಿದ್ದೆ."

ಅವಳು ಒಂದು ಹೆಜ್ಜೆ ಹತ್ತಿರ ಬಂದಳು.

"ಯಾವಾಗಿನಿಂದ?"

"ನೀವು ಕ್ಷಮೆ ಕೇಳಿ ಬರೆದ ವಾರದಿಂದ. ಈ ಕಸುಬಲ್ಲಿ 'ನನ್ನಿಂದ ತಪ್ಪಾಯ್ತು' ಅಂದ ಇನ್ನೊಬ್ಬರನ್ನ ನಾನು ನೋಡಿಲ್ಲ."

"ಮತ್ತೆ ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಎಲ್ಲ ಅಳಿಸಿ ಮೊದಲಿನ ಹಾಗೆ ಮಾಡಿಬಿಡ್ತಿದ್ರಿ. ಒಂದು ಫೋನಾದ್ರೂ ನಿಮ್ಮ ಕೈಗೆ ಸುಖವಾಗಿರಲಿ ಅನ್ನಿಸ್ತು..."

"ಸುಖ!" ಅವಳು ಸಿಡುಕಿದಳು. "ಓದುಗರು ಕೊಳ್ಳೋ ಒಂದೊಂದು ಫೋನನ್ನೂ ಹೀಗೆ ಹೊಂದಿಸೋಕೆ ನೀವು ಅವರ ಪಕ್ಕ ಹೋಗಿ ಕೂರ್ತೀರಾ? ಇದನ್ನೇ ನಾನು ಹೊಗಳಿ ಬರೆದಿದ್ರೆ ನನ್ನ ಹೆಸರು ಏನಾಗ್ತಿತ್ತು?"

"ಅದು ನನಗೆ ಹೊಳೀಲೇ ಇಲ್ಲ. ತಪ್ಪಾಯ್ತು." ಆತ ತಲೆಯೆತ್ತಿ ಅವಳನ್ನೇ ನೋಡಿದ. "ಇದ್ದಿದ್ದು ಇದ್ದ ಹಾಗೇ ಬರೀರಿ. ಸೀಲ್ ಒಡೆದವನು ನಾನೇ ಅಂತಾನೂ ಬರೀರಿ. ಕೆಲಸ ಹೋದ್ರೆ ಹೋಗಲಿ."

ಆ ಕಣ್ಣುಗಳಲ್ಲಿ ಅವಳು ಸುಳ್ಳನ್ನು ಹುಡುಕಿದಳು. ಅಭ್ಯಾಸ, ಬಿಡುವುದಿಲ್ಲವಲ್ಲ! ಎಷ್ಟು ಹುಡುಕಿದರೂ ಸಿಗಲಿಲ್ಲ. ಅಳು ಬರುವ ಮೊದಲೇ ತಿರುಗಿ ಹೊರಟುಬಿಟ್ಟಳು.

ಆ ವಾರದ ಅಂಕಣ ತುಂಬಾ ಚಿಕ್ಕದಿತ್ತು.

'ಇದರ ದೊಡ್ಡ ಗುಣ, ಯಾರಿಗೆ ಬೇಕಾದರೂ ಹೊಂದಿಕೊಳ್ಳುತ್ತದೆ. ದೊಡ್ಡ ದೋಷ, ತಾನಾಗಿ ಯಾರಿಗೂ ಹೊಂದಿಕೊಳ್ಳುವುದಿಲ್ಲ. ನಿಮ್ಮನ್ನು ಬಲ್ಲವರೊಬ್ಬರು ಪಕ್ಕದಲ್ಲಿ ಕೂತು ಹೊಂದಿಸಬೇಕು. ನನಗೆ ಬಂದದ್ದು ಕಂಪನಿಯವರು ಸೀಲ್ ಒಡೆದು ಹೊಂದಿಸಿಟ್ಟ ಫೋನ್. ಹಾಗಾಗಿ ಅಂಕ ಕೊಡಲಾರೆ. ಹೊಸ ಡಬ್ಬ ತರಿಸಿ ನನ್ನ ಸಹೋದ್ಯೋಗಿ ಪರೀಕ್ಷಿಸುತ್ತಾರೆ. ಇನ್ನು ಮುಂದೆ ಈ ಕಂಪನಿಯ ಯಾವ ಫೋನನ್ನೂ ನಾನು ತೂಗುವುದಿಲ್ಲ.'

ಪತ್ರಿಕೆ ಹೊರಬಂದ ಬೆಳಿಗ್ಗೆಯೇ ಆತ ಏದುಸಿರು ಬಿಡುತ್ತಾ ಕಚೇರಿಗೆ ಬಂದ.

"ನಿಮ್ಮ ಕೆಲಸ?" ಅವಳು ಕುರ್ಚಿಯಿಂದ ಎದ್ದಳು.

"ಹೋಗಿಲ್ಲ, ಎಚ್ಚರಿಕೆ ಪತ್ರ ಕೊಟ್ಟಿದ್ದಾರೆ ಅಷ್ಟೇ. ಅದು ಇರಲಿ... ಇನ್ಯಾವತ್ತೂ ನಮ್ಮ ಫೋನ್ ಮುಟ್ಟಲ್ವಾ? ನನ್ನ ಮೇಲೆ ಅಷ್ಟೊಂದು ಕೋಪನಾ?"

"ತೂಗೋರು ಯಾರ ಕಡೆಗೂ ವಾಲಬಾರದು ಅಲ್ವಾ?"

"ಹೂಂ."

"ನಾನು ವಾಲಿಬಿಟ್ಟಿದ್ದೀನಿ."

ಆತ ಪೆಚ್ಚಾಗಿ ನೋಡಿದ. "ಕಂಪನಿ ಕಡೆಗಾ?"

"ನಿಮ್ಮ ತಲೆ! ನಿಮ್ಮ ಕಡೆಗೆ!"

ಹೇಳಿಬಿಟ್ಟಳು! ಕಿವಿಯವರೆಗೂ ಕೆಂಪಾದಳು. ಆತನ ಕಣ್ಣಲ್ಲಿ ನೀರಾಡಿತು. ಮೊದಲ ಬಾರಿಗೆ ಆತ ಬಾಯ್ತುಂಬ ನಕ್ಕ.

ಅವಳು ತನ್ನ ಪಕ್ಕಕ್ಕೆ ಒಂದು ಕುರ್ಚಿ ಎಳೆದಳು.

"ಕೂತ್ಕೊಳ್ಳಿ. ನನ್ನ ಬಗ್ಗೆ ನಿಮಗೆ ಎಲ್ಲ ಗೊತ್ತು. ನಿಮ್ಮ ಬಗ್ಗೆ ತಿಳ್ಕೊಳ್ಳೋಣ ಅಂದ್ರೆ ನೀವು ಎಲ್ಲೂ ಏನೂ ಬರೆದಿಲ್ಲ. ಕೇಳಬೇಕಾದ್ದು ತುಂಬಾ ಇದೆ."

"ಎಷ್ಟಿದೆ?"

"ಯಾಕೆ, ಅವಸರ ಇದೆಯಾ?"

"ಇಲ್ಲ," ಎಂದು ಆತ ಅವಳ ಎಡಗೈಯನ್ನು ಮೆಲ್ಲಗೆ ಹಿಡಿದುಕೊಂಡ. "ನಿಧಾನಕ್ಕೆ ಕೇಳಿ."