ರಾಜಮುದ್ರೆಯ ಕಲ್ಲು ಎಲ್ಲಿ ಹೋಯಿತು?

"ಅಯ್ಯೋ, ಕಲ್ಲಿಲ್ಲ!"

ಹಾಳುಬಿದ್ದ ರಾಜಧಾನಿಯ ಕಾವಲುಗಾರ ಮೀಸೆ ಮಾವ ಕಚೇರಿಯ ಬೀಗ ತೆಗೆದವನೇ ಹೌಹಾರಿದ. ಅರಮನೆಯ ಅಡಿಪಾಯ ಅಗೆಯುವಾಗ ಸಿಕ್ಕಿದ್ದ ಚಪ್ಪಟೆ ಕಲ್ಲು ಅದು. ಹಿಂಬದಿ ಬರೀ ಒರಟು. ಮುಖದ ಮೇಲೆ ಮಾತ್ರ ರಾಜಮುದ್ರೆ, ನಾಲ್ಕು ಸಾಲು ಶಾಸನ. ಇದು ಯಾವ ಅರಸರ ಊರೆಂದು ಹೇಳುವ ಒಂದೇ ಸಾಕ್ಷಿ. ಹತ್ತು ಗಂಟೆಗೆ ಅದನ್ನು ನೋಡಲು ವಿದ್ವಾಂಸರು ಬರುವವರಿದ್ದರು.

ಉತ್ಖನನದ ಸಾಹೇಬರು ಕೆಂಡಾಮಂಡಲವಾದರು. "ಬೀಗ ಒಡೆದಿಲ್ಲ. ಕೀಲಿ ನಿನ್ನ ಸೊಂಟದಲ್ಲಿ. ಕಲ್ಲಿಗೇನು ಕಾಲು ಬಂತಾ? ಹತ್ತರೊಳಗೆ ಸಿಗದಿದ್ರೆ ನಿನ್ನ ಕೆಲಸ ಹೋಯ್ತು!"

ಇಪ್ಪತ್ತೆಂಟು ವರ್ಷದ ಕಾವಲಿನಲ್ಲಿ ಒಂದು ಹೆಂಚಿನ ಚೂರೂ ಕಳೆದಿರಲಿಲ್ಲ. ಮಾವನಿಗೆ ಅವಮಾನವಾಗಿ ಕಣ್ಣು ತುಂಬಿತು. ಸಾಲದ್ದಕ್ಕೆ, ಅಲ್ಲೇ ನಕ್ಷೆ ಬರೆಯುವ ಸೊಸೆಯೂ ಆಗಲೇ ಬರಬೇಕೆ? ಅವಳು ಹೊಸ್ತಿಲಲ್ಲಿ ಏನನ್ನೋ ಎಡವಿ, ಮುಗ್ಗರಿಸಿಯೇ ಒಳಗೆ ಬಂದಳು.

"ಅಳೋದು ಆಮೇಲೆ ಮಾವ. ನಿನ್ನೆ ಕೊನೆಗೆ ಕಲ್ಲು ಮುಟ್ಟಿದ್ದು ಯಾರು?"

"ಅಚ್ಚಿನ ಅಜ್ಜ."

ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ, ಮಸಿ ತಟ್ಟಿ ಅಕ್ಷರ ಇಳಿಸಿಕೊಳ್ಳುವುದು ಅಜ್ಜನ ಕಸುಬು. ಕನ್ನಡಕ ಹಣೆಯ ಮೇಲಿಟ್ಟುಕೊಂಡೇ ಕನ್ನಡಕ ಹುಡುಕುವ ಜೀವ. ಅಷ್ಟರಲ್ಲಿ ಅವನೂ ಕೆಲಸಕ್ಕೆ ಬಂದ; ಸೊಸೆ ಅವನನ್ನೇ ಕೇಳಿದಳು.

"ನೀವು ಹೊರಟಾಗ ಕಲ್ಲಿತ್ತಾ ಅಜ್ಜ?"

"ಇಲ್ಲದೆ ಏನು? ಅಚ್ಚು ಬಿಡಿಸಿದೆ. ಸುಕ್ಕಾಗದ ಹಾಗೆ ಎರಡು ಹಲಗೆ ನಡುವೆ ಇಟ್ಟೆ. ಮೇಲೆ ಭಾರ ಹೇರಿದೆ. ಮನೆಗೆ ಹೋದೆ."

"ಭಾರಕ್ಕೆ ಏನಿಟ್ರಿ?"

"ಯಾವಾಗಲೂ ಇಡೋ ಕಲ್ಲು. ಇನ್ನೇನು, ನನ್ನ ತಲೆ ಇಡ್ತೀನಾ?"

ಸೊಸೆ ಸಾಹೇಬರತ್ತ ತಿರುಗಿದಳು. "ಈ ಬಾಗಿಲಿಗೆ ಕಲ್ಲು ಕೊಟ್ಟಿದ್ದು ಯಾರು ಸರ್?"

"ನಾನೇ. ನಿನ್ನೆ ಮಧ್ಯಾಹ್ನ ಗಾಳಿಗೆ ಬಾಗಿಲು ಬಡ್ಕೋತಿತ್ತು. ಅದಕ್ಕೂ ಇದಕ್ಕೂ ಏನಮ್ಮಾ ಸಂಬಂಧ?"

"ಇದೆ ಸರ್. ಇಷ್ಟು ದಿನ ಇಲ್ಲಿ ನಾನು ಎಡವಿರಲಿಲ್ಲ. ಕಾಲಿಗೆ ಸಿಕ್ಕಿದ್ದು ಅಜ್ಜನ ಭಾರದ ಕಲ್ಲು. ಅಂಚಿಗೆಲ್ಲ ಮಸಿ ಹತ್ತಿದೆ ನೋಡಿ. ಅದು ನಿನ್ನೆಯಿಂದ ಬಾಗಿಲಲ್ಲಿದೆ. ಹಾಗಾದ್ರೆ ಹಲಗೆ ಮೇಲೆ ಇರೋದು ಯಾವುದು?"

ಎಲ್ಲರೂ ಮೂಲೆಯ ಮೇಜಿನತ್ತ ನೋಡಿದರು. ಹಲಗೆಗಳ ಮೇಲೊಂದು ಒರಟು ಕಲ್ಲು. ಕಲ್ಲಿನ ಮೇಲೆ ಸಾಹೇಬರದ್ದೇ ಅರ್ಧ ಕುಡಿದ ಚಹಾ. ಸೊಸೆ ಲೋಟ ಎತ್ತಿಟ್ಟು ಕಲ್ಲನ್ನು ಮೆಲ್ಲನೆ ಮಗುಚಿದಳು.

ರಾಜಮುದ್ರೆ!

"ಅಜ್ಜನ ಕೈಗೆ ಎಂದಿನ ಕಲ್ಲು ಸಿಗಲಿಲ್ಲ. ಪಕ್ಕದಲ್ಲಿದ್ದದ್ದನ್ನೇ ಬೋರಲು ಹಾಕಿ ಹೇರಿದ್ದಾರೆ. ಶಾಸನ ತನ್ನ ಅಚ್ಚಿನ ಮೇಲೆ ತಾನೇ ಕೂತಿತ್ತು. ಅಜ್ಜನದು ಮರೆವು. ಆದ್ರೆ ಅವರ ಕಲ್ಲು ಎತ್ತಿಕೊಂಡು ಹೋದವರು—"

"ನಾನು," ಎಂದರು ಸಾಹೇಬರು. ಮುಖ ಇಂಗು ತಿಂದ ಮಂಗನಂತಾಗಿತ್ತು. "ತಪ್ಪಾಯ್ತು ಮಾವ. ದುಡುಕಿಬಿಟ್ಟೆ."

ಮೀಸೆ ಮಾವ ಕಣ್ಣೊರೆಸಿಕೊಂಡ. ಎದೆಯ ಭಾರವೆಲ್ಲ ಇಳಿದು ಅವನಿಗೆ ನಗು ಒತ್ತರಿಸಿ ಬಂತು.

"ರಾಜರು ಊರು ತುಂಬ ಕಲ್ಲು ಬಿಟ್ಟು ಹೋಗಿದ್ದಾರೆ ಸಾಹೇಬ್ರೇ. ಬಾಗಿಲಿಗೆ ಕೊಡೋಕೆ ನಿಮಗೆ ಅಜ್ಜಂದೇ ಬೇಕಿತ್ತಾ?"