ದಾರ ಕಟ್ಟಿದ ಬೆರಳು

ಸಲ್ಕಾಳ ಮದುವೆಗೆ ಬಾರದವರೆಲ್ಲ ಅವಳ ವಿಚ್ಛೇದನದ ಔತಣಕ್ಕೆ ಬಂದಿದ್ದರು.

ಮದುವೆ ದೂರದ ನುವಾಕ್ಷೊತ್ತಿನಲ್ಲಿ, ವ್ಯಾಪಾರಿಯ ಮಹಡಿ ಮನೆಯಲ್ಲಿ ನಡೆದಿತ್ತು. ಔತಣ ಇಲ್ಲೇ, ಮರಳುಗಾಡಿನ ಸ್ಮಾರಾ ನಿರಾಶ್ರಿತರ ಶಿಬಿರದಲ್ಲಿ, ಚಿಕ್ಕಮ್ಮ ಎಂಬಾರ್ಕಾಳ ಡೇರೆಯಲ್ಲಿ. ವಿಚ್ಛೇದನದ ನಂತರ ಹೆಣ್ಣು ಕಾಯಬೇಕಾದ ತಿಂಗಳುಗಳು ಮುಗಿದಿದ್ದವು. ಸಲ್ಕಾ ಕೈಕಾಲಿಗೆ ಮದರಂಗಿ ಹಚ್ಚಿಸಿಕೊಂಡು, ಹಳದಿ ಮೆಲ್ಹ್‌ಫಾವನ್ನು ತಲೆಯಿಂದ ಪಾದದವರೆಗೆ ಸುತ್ತಿಕೊಂಡು, ಮದುಮಗಳಿಗಿಂತ ಗತ್ತಿನಿಂದ ಕೂತಿದ್ದಳು. ಬಿಟ್ಟ ಗಂಡನಿಗೆ ಸುದ್ದಿ ಮುಟ್ಟಿ ಹೊಟ್ಟೆ ಉರಿಯಲಿ ಎಂದೇ ಇಂಥ ಔತಣ ಮಾಡುವುದು. ಮನಸ್ಸಿರುವ ಗಂಡಸು ಈ ದಿನ ನೀಲಿ ಕಾಗದ ಸುತ್ತಿದ ಸಕ್ಕರೆ ಅಚ್ಚು ಕಳಿಸುತ್ತಾನೆ. ಬಾಯಿ ಬಿಡುವ ಕಷ್ಟವಿಲ್ಲ, ಹೇಳಬೇಕಾದ್ದನ್ನು ಸಕ್ಕರೆಯೇ ಹೇಳುತ್ತದೆ.

ಮಧ್ಯಾಹ್ನದ ಹೊತ್ತಿಗೆ ಎರಡು ಅಚ್ಚು ಬಂದಿದ್ದವು. ಒಂದು ನೀರಿನ ಟ್ಯಾಂಕರ್ ಓಡಿಸುವ ವಿಧುರನದು. ಇನ್ನೊಂದು ಮೇಕೆ ಡಾಕ್ಟರನದು.

"ಟ್ಯಾಂಕರ್‌ನವನನ್ನ ಮಾಡ್ಕೊಳ್ಳೇ, ನಿನ್ನ ಮನೇಲಿ ನೀರಿಗೆ ಯಾವತ್ತೂ ಬರ ಇಲ್ಲ," ಎಂದಳು ಪಕ್ಕದ ಡೇರೆಯ ನಾಯಾತ್.

"ಡಾಕ್ಟರೇ ವಾಸಿ ಕಣೇ. ಗಂಟಲು ಕೆಟ್ರೆ ಔಷಧಿ ಫ್ರೀ," ಎಂದಳು ಮದರಂಗಿ ಹಚ್ಚಿದವಳು. "ಮೇಕೆ ಗಂಟಲಿಗೂ ಹಾಡೋಳ ಗಂಟಲಿಗೂ ಏನು ಮಹಾ ವ್ಯತ್ಯಾಸ!"

ಡೇರೆ ತುಂಬ ನಗು. ಸಲ್ಕಾಳೂ ನಕ್ಕಳು. ಆದರೆ ಅವಳ ಕಣ್ಣು ಮಾತ್ರ ಬಾಗಿಲ ಬಟ್ಟೆಯ ಮೇಲೇ ಇತ್ತು. ಮೂರನೆಯ ಅಚ್ಚು ಬರುವುದಾದರೆ ಒಬ್ಬನಿಂದಲೇ ಬರಬೇಕಿತ್ತು. ಅವನೇನು ಸಮುದ್ರದ ಆಚೆ ಇರಲಿಲ್ಲ. ನಡುವಿನ ಪರದೆಯ ಆಚೆ, ಗಂಡಸರ ಗುಂಪಿನಲ್ಲಿ, ಗಿಟಾರ್ ಶ್ರುತಿ ಮಾಡುತ್ತ ಕೂತಿದ್ದ. ಲಾರೂಸಿ ಅವನ ಹೆಸರು. ಅವನು ತಂತಿ ಬಿಗಿಯುವ ಸದ್ದನ್ನು ಸಲ್ಕಾ ನೂರು ಗಿಟಾರ್‌ಗಳ ನಡುವೆಯೂ ಗುರುತು ಹಿಡಿಯಬಲ್ಲಳು.

ಅವನ ಮನಸ್ಸು ಅವಳಿಗೆ ಇವತ್ತೇ ತಿಳಿಯಬೇಕಿತ್ತು. ಶುಕ್ರವಾರ ವಿಮಾನ ನಿಲ್ದಾಣಕ್ಕೆ ಲಾರಿ ಹೋಗುತ್ತದೆ. ಸ್ಪೇನಿನಲ್ಲಿ ಒಂದು ಹಾಡಿನ ಕಂಪನಿಯವರು ಅವಳಿಗಾಗಿ ಮನೆ, ಸ್ಟುಡಿಯೋ, ಅಲ್ಲಿಯದೇ ವಾದ್ಯದವರನ್ನು ಸಿದ್ಧಮಾಡಿ ಕಾಯುತ್ತಿದ್ದರು. ಹೋದರೆ ವರ್ಷಗಟ್ಟಲೆ ಅಲ್ಲೇ. ಶಿಬಿರದವರೆಲ್ಲ ಅದನ್ನು ಅವಳ ಅದೃಷ್ಟ ಎನ್ನುತ್ತಿದ್ದರು. ಅದು ಅದೃಷ್ಟವಲ್ಲ, ಓಡಿಹೋಗುವುದು ಎಂದು ಅವಳೊಬ್ಬಳಿಗೇ ಗೊತ್ತಿತ್ತು. ಒಬ್ಬನ ಪಕ್ಕದಲ್ಲೇ ಕೂತು ಇನ್ನೊಂದು ಆಯುಸ್ಸು ಅವನ ಮೌನ ಕೇಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

*

ಸಲ್ಕಾ ತನ್ನ ನಾಡನ್ನು ಬಿಟ್ಟಾಗ ತಾಯಿಯ ಬೆನ್ನ ಮೇಲಿದ್ದಳು. ಯುದ್ಧದ ಆ ಓಟದಲ್ಲಿ ತಾಯಿ ಬಹಳ ದಿನ ಬದುಕಲಿಲ್ಲ. ಮಗುವನ್ನು ಸಾಕಿದ್ದು ಚಿಕ್ಕಮ್ಮ ಎಂಬಾರ್ಕಾ. ಮರದ ಬೋಗುಣಿಗೆ ಒಂಟೆ ಚರ್ಮ ಬಿಗಿದ ತಬಲ್ ಬಾರಿಸುವುದನ್ನು ಕಲಿಸಿದ್ದೂ ಅವಳೇ. ತಬಲ್ ಹೆಂಗಸರ ವಾದ್ಯ, ಗಂಡಸರು ಮುಟ್ಟುವುದಿಲ್ಲ. ಸಲ್ಕಾ ಹಾಲುಹಲ್ಲು ಬೀಳುವ ವಯಸ್ಸಿನಲ್ಲೇ ಅದನ್ನು ಮಾತಾಡಿಸುತ್ತಿದ್ದಳು.

ಹದಿನಾರಕ್ಕೆ ಶಿಬಿರದ ಹಾಡಿನ ತಂಡ ಸೇರಿದಳು. ಅವಳ ದನಿ ಬೆಳಗಿನ ರೇಡಿಯೋದಲ್ಲಿ ಬಂದರೆ ಶಿಬಿರದಲ್ಲಿ ಹಿಟ್ಟು ನಾದುವ ಕೈಗಳು ನಿಲ್ಲುತ್ತಿದ್ದವು. ತಾನು ಕಣ್ಣಾರೆ ಕಾಣದ ಕಡಲ ತೀರದ ಬಗ್ಗೆ, ಮಳೆ ಬಿದ್ದ ಮಾರನೆಯ ದಿನದ ಹುಲ್ಲುಗಾವಲಿನ ಬಗ್ಗೆ ಅವಳು ಹಾಡಿದರೆ, ಅವನ್ನು ಕಂಡಿದ್ದವರು ಅಳುತ್ತಿದ್ದರು. ಯುರೋಪಿನ ಊರೂರುಗಳಲ್ಲಿ, ಭಾಷೆ ತಿಳಿಯದವರೂ ಎದ್ದುನಿಂತು ಚಪ್ಪಾಳೆ ತಟ್ಟಿದರು. ಆ ಎಲ್ಲ ವೇದಿಕೆಗಳಲ್ಲಿ ಅವಳ ಎಡಕ್ಕೆ, ಕೈಚಾಚಿದರೆ ಸಿಗುವಷ್ಟು ದೂರದಲ್ಲಿ, ಲಾರೂಸಿ ಕೂತಿರುತ್ತಿದ್ದ.

"ನಾಡಿಗೆ ಹಾಡಿ ಹಾಡಿ, ಮನುಷ್ಯರಿಗೆ ಹಾಡೋದೇ ಮರ್ತೆಯಲ್ಲೇ," ಎಂದು ಚಿಕ್ಕಮ್ಮ ಆಗಾಗ ಚುಚ್ಚುತ್ತಿದ್ದಳು.

ಮರೆತಿರಲಿಲ್ಲ. ಒಮ್ಮೆ ಹಾಡಿದ್ದಳು.

ಹನ್ನೆರಡು ವರ್ಷದ ಹಿಂದಿನ ಮಾತು. ಸ್ಪೇನಿನ ಒಂದು ಊರಿನಲ್ಲಿ ಹಾಡುತ್ತಿರುವಾಗ ಲಾರೂಸಿಯ ಗಿಟಾರ್ ತಂತಿ ಕಡಿದು ತೋರುಬೆರಳು ಸೀಳಿತು. ಅವನು ಎದ್ದುಹೋಗಲಿಲ್ಲ. ಎಲ್ಲಿಂದಲೋ ಒಂದು ಕಪ್ಪು ದಾರ ಹುಡುಕಿ ಬೆರಳಿಗೆ ಸುತ್ತಿಕೊಂಡು, ಹಲ್ಲಿನಿಂದ ಗಂಟು ಹಾಕಿ, ಮತ್ತೆ ನುಡಿಸಿದ. ಸಲ್ಕಾಳತ್ತ ನೋಡಿ, 'ನಿಲ್ಲಿಸಬೇಡ, ಹಾಡು' ಎಂಬಂತೆ ಹುಬ್ಬು ಹಾರಿಸಿದ. ಆ ಹುಬ್ಬಿನಲ್ಲೇ ಅವಳು ಸಿಕ್ಕಿಬಿದ್ದಳು.

ಮರುದಿನ ಸಂಜೆ ಉಳಿದುಕೊಂಡ ಮನೆಯಲ್ಲಿ ಹೆಂಗಸರು ಮದರಂಗಿ ಹಚ್ಚಿಕೊಳ್ಳುತ್ತಿದ್ದಾಗ ಅವಳು ತೆಬ್ರಾ ಕಟ್ಟಿದಳು. ತೆಬ್ರಾ ಅಂದರೆ ಎರಡೇ ಸಾಲು. ಹೆಣ್ಣು ತನ್ನ ಮೆಚ್ಚಿನವನ ಮೇಲೆ ಕಟ್ಟಿ, ಹೆಂಗಸರ ನಡುವೆ ಮಾತ್ರ ಹೇಳುವ ಹಾಡು. ಅವನ ಹೆಸರು ಬರಕೂಡದು. ವಾದ್ಯ ಇರಕೂಡದು. ಅಪ್ಪಿತಪ್ಪಿ ಗಂಡಸಿನ ಕಿವಿಗೆ ಬಿದ್ದರೂ ಅವನು ಕೇಳಿಸಲೇ ಇಲ್ಲ ಎಂಬಂತೆ ಇದ್ದುಬಿಡಬೇಕು. ಅದೇ ಮರ್ಯಾದೆ.

"ಬೆರಳಿಗೆ ದಾರ ಕಟ್ಟಿದವನೇ, ತಂತಿ ನೋಯದಂತೆ ಮೀಟುವೆ;
ಪಕ್ಕ ಕೂತವಳ ನೋವು ಮಾತ್ರ ಕೇಳದೆ ಹೇಗೆ ಹೋಗುವೆ?"

ಹೆಂಗಸರು "ಆಹಾ!" ಎಂದು ಅವಳ ಬೆನ್ನಿಗೆ ಗುದ್ದಿದರು. ಹೆಸರು ಬೇಕೇ ಇರಲಿಲ್ಲ. ಅದೇ ಹೊತ್ತಿಗೆ ತೆಳು ಗೋಡೆಯ ಆಚೆ ನಡೆಯುತ್ತಿದ್ದ ಗಿಟಾರ್ ಗಕ್ಕನೆ ನಿಂತಿತು. ಕೇಳಿಸಿದೆ! ಸಲ್ಕಾಳ ಎದೆ ಹೊಡೆದುಕೊಂಡ ರಭಸಕ್ಕೆ ಮದರಂಗಿ ಗೆರೆ ವಕ್ರವಾಯಿತು.

ಬೆಳಿಗ್ಗೆ ಲಾರೂಸಿ ಟೀ ಲೋಟ ಹಿಡಿದು ಎಂದಿನಂತೆಯೇ ಬಂದ. ಅವಳ ಮುಖ ನೋಡದೆ ಹೇಳಿದ:

"ನಿನ್ನೆ ವಿಪರೀತ ತಲೆನೋವು. ಬೇಗ ಮಲಗಿಬಿಟ್ಟೆ. ಏನೂ ಗೊತ್ತೇ ಆಗ್ಲಿಲ್ಲ."

ಸಲ್ಕಾಳ ಪಾಲಿಗೆ ಅದೇ ಉತ್ತರವಾಯಿತು. ಮೂರು ವರ್ಷ ಕಾದಳು. ಅವನು ಇನ್ನೂ ಮರ್ಯಾದಸ್ಥನಾಗುತ್ತ ಹೋದ. ಆಮೇಲೆ ನುವಾಕ್ಷೊತ್ತಿನ ವ್ಯಾಪಾರಿ ಬಂದ, ಮದುವೆಯಾದಳು. ಮೊದಮೊದಲು ಹೆಂಡತಿಯ ಹಾಡು ಅವನಿಗೆ ಹೆಮ್ಮೆ, ನಂತರ ತಲೆಬೇನೆ. "ಹಾಡಿದ್ದು ಸಾಕು, ಮನೆಯಲ್ಲಿರು," ಎಂದ ದಿನ ಅವಳು ತಬಲ್ ಒಂದನ್ನೇ ಎತ್ತಿಕೊಂಡು ಹೊರಟು ಬಂದಳು.

ತಂಡಕ್ಕೆ ಮರಳಿದ ಮೊದಲ ದಿನವೇ ಕಂಡಳು, ಲಾರೂಸಿಯ ತೋರುಬೆರಳಿನಲ್ಲಿ ಇನ್ನೂ ಕಪ್ಪು ದಾರ.

"ಗಾಯ ಇನ್ನೂ ವಾಸಿಯಾಗಿಲ್ವಾ?" ಕೇಳಿದಳು.

"ಇಲ್ಲ."

"ಇಷ್ಟು ವರ್ಷದಲ್ಲಿ ಹೊಸ ಬೆರಳೇ ಚಿಗುರ್ತಿತ್ತಲ್ಲೋ!"

"ಕೆಲವಕ್ಕೆ ಟೈಮ್ ಹಿಡಿಯುತ್ತೆ," ಎಂದು ಅವನು ಗಿಟಾರಿನ ಮೇಲೆ ಬಾಗಿದ. ನರೆತ ಮೀಸೆಯ ಅಂಚಿನಲ್ಲಿ ನಗುವಿನಂಥದ್ದೇನೋ ಇತ್ತು. ತಂತಿ ತಾಗದಿರಲೆಂದು ಕಟ್ಟಿಕೊಳ್ಳುವ ಅಭ್ಯಾಸವಿರಬೇಕು ಎಂದುಕೊಂಡಳು ಅವಳು. ಅವನು ಇನ್ನೂ ಮದುವೆ ಯಾಕಾಗಲಿಲ್ಲ ಎಂದು ಕೇಳುವ ಧೈರ್ಯ ಬರಲಿಲ್ಲ.

*

ಔತಣದ ಡೇರೆಯಲ್ಲಿ ಚಿಕ್ಕಮ್ಮ ಟೀ ಎತ್ತಿ ಸುರಿಯುತ್ತ, ನೊರೆ ಏಳಿಸುತ್ತ, ಅವಳ ಕಿವಿಯ ಹತ್ತಿರ ಬಾಗಿದಳು.

"ಬಾಗಿಲು ನೋಡೀ ನೋಡೀ ಬಟ್ಟೆ ತೂತಾಯ್ತು. ಅವನು ಕಳಿಸಲ್ಲ."

"ಯಾರು, ಚಿಕ್ಕಮ್ಮಾ?"

"ನನ್ನ ಹತ್ರ ನಾಟಕ ಆಡ್ಬೇಡ. ಆ ಗಿಟಾರಿನ ಮೂಕ."

"ಅವನಿಗೆ ಮನಸ್ಸಿಲ್ಲ. ಅವತ್ತೇ ಗೊತ್ತಾಗಿದೆ ನಂಗೆ."

"ಏನು ಗೊತ್ತಾಗಿದೆ? ತಲೆನೋವು ಅಂದನಂತೆ! ಮತ್ತಿನ್ನೇನು ಅನ್ಬೇಕಿತ್ತು? ಒಳ್ಳೆ ಮನೆ ಹುಡುಗ ತೆಬ್ರಾ ಕೇಳಿಸ್ಕೊಂಡೆ ಅಂತ ಬಂದು ಹಲ್ಲು ಕಿರೀತಾನಾ? ಹಾಗೆ ಬಂದಿದ್ರೆ ನಾನೇ ಚಪ್ಪಲಿ ತಗೋತಿದ್ದೆ."

ಸಲ್ಕಾ ಟೀ ಲೋಟ ಕೆಳಗಿಟ್ಟಳು. ಇಷ್ಟು ವರ್ಷ ಈ ಮಾತು ತನ್ನ ತಲೆಗೆ ಯಾಕೆ ಹೊಳೆಯಲಿಲ್ಲ? ಅವನು ಒಲ್ಲದಿದ್ದರೂ ಹಾಗೆಯೇ ಇರುತ್ತಿದ್ದ, ಒಲಿದಿದ್ದರೂ ಹಾಗೆಯೇ ಇರುತ್ತಿದ್ದ. ಯಾವುದು ನಿಜವೋ ಆ ದೇವರೇ ಬಲ್ಲ. ತಿಳಿಯದೆ ಶುಕ್ರವಾರದ ಲಾರಿ ಹತ್ತುವುದು ಸಾಧ್ಯವೇ ಇರಲಿಲ್ಲ.

"ಹಾಡೇ ಸಲ್ಕಾ!" ಹೆಂಗಸರು ಕೂಗಿದರು. "ನಾಡಿನ ಹಾಡಾಗ್ಲಿ!"

ಅವಳು ತಬಲ್ ಮೇಲೆ ಕೈಯಿಟ್ಟಳು. ಆಮೇಲೆ ಅದನ್ನು ಪಕ್ಕಕ್ಕೆ ಸರಿಸಿದಳು.

ಬರಿಗೊರಳಿನಲ್ಲಿ, ಪರದೆಯ ಆಚೆಗೂ ಮುಟ್ಟುವಷ್ಟು ಎತ್ತರದ ದನಿಯಲ್ಲಿ, ಆ ಹಳೆಯ ಎರಡು ಸಾಲನ್ನು ಹಾಡಿದಳು.

ಹೆಂಗಸರ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಗಂಡಸರು ಕೂತಿರುವಾಗ ತೆಬ್ರಾ! ಪರದೆಯ ಆಚೆ ಮಾತ್ರ ಒಮ್ಮೆಲೇ ಗದ್ದಲವೆದ್ದಿತು. ಮರ್ಯಾದಸ್ಥರೆಲ್ಲ ಒಟ್ಟಿಗೇ ಕೆಮ್ಮಿದರು. ಲೋಟಗಳು ಖಣಖಣಿಸಿದವು.

"ಈ ಸಲ ಟ್ಯಾಂಕರ್ ನೀರಲ್ಲಿ ಉಪ್ಪು ಜಾಸ್ತಿ ಅಲ್ವೇನ್ರಪ್ಪಾ?" ಎಂದು ಟ್ಯಾಂಕರ್‌ನವನೇ ಕಿರುಚಿದ.

"ಹೌದೌದು! ಮೇಕೆಗಳೂ ಮೂಸಲ್ಲ!" ಮೇಕೆ ಡಾಕ್ಟರ್ ಅದಕ್ಕಿಂತ ಗಟ್ಟಿಯಾಗಿ ಕಿರುಚಿದ.

ಇಬ್ಬರಿಗೂ ತಮ್ಮ ಸಕ್ಕರೆ ನೀರಲ್ಲಿ ಕರಗಿತೆಂದು ಅರ್ಥವಾಗಿರಬೇಕು, ಪಾಪ.

ಸಲ್ಕಾ ಕಣ್ಣು ಮುಚ್ಚಿ ಎರಡನೆಯ ಸಲ ಹಾಡಿದಳು. ಇಷ್ಟು ಜನರ ಮುಂದೆ ಮಾನ ಹರಾಜಿಗಿಟ್ಟಾಗಿದೆ. ಅವನೂ ಕೆಮ್ಮಿದರೆ ಮುಗಿಯಿತು.

ಆಗ ಗಿಟಾರ್ ನುಡಿಯಿತು.

ಮೆಲ್ಲಗೆ, ಅವಳ ದನಿಯ ಹಿಂದೆ ಹಿಂದೆಯೇ. 'ದಾರ' ಎಂಬಲ್ಲಿ ಅವಳು ತಡೆಯುವ ಉಸಿರಿಗೆ ಅದೂ ತಡೆಯಿತು. 'ಕೇಳದೆ' ಎಂಬಲ್ಲಿ ಅವಳು ಇಳಿಯುವ ಇಳಿತಕ್ಕೆ ಅದೂ ಇಳಿಯಿತು. ಹನ್ನೆರಡು ವರ್ಷದ ಹಿಂದೆ ಒಂದೇ ಒಂದು ಸಲ ಹಾಡಿದ ಹಾಡು. ಅದನ್ನು ಎಷ್ಟು ಸಲ ಒಂಟಿಯಾಗಿ ನುಡಿಸಿದರೆ ಬೆರಳಿಗೆ ಹೀಗೆ ಬಂದೀತು!

ಆಚೆ ಕೆಮ್ಮು ನಿಂತಿತು. ನೀರಿನ ಮಾತೂ ನಿಂತಿತು. ಈಚೆ ಚಿಕ್ಕಮ್ಮ ಎಂಬಾರ್ಕಾ ಮೆಲ್ಹ್‌ಫಾದ ಅಂಚಿನಿಂದ ಮೂಗು ಒರೆಸಿಕೊಂಡಳು. "ಅಂತೂ ತಲೆನೋವು ಹೋಯ್ತು ಮೂಕನಿಗೆ," ಎಂದಳು.

*

ಡೇರೆಯ ಹಿಂದೆ, ಮೇಕೆ ದೊಡ್ಡಿಯ ನೆರಳಿನಲ್ಲಿ, ಲಾರೂಸಿ ಗಿಟಾರ್ ಹಿಡಿದು ತಪ್ಪು ಮಾಡಿದವನಂತೆ ನಿಂತಿದ್ದ. ಸಲ್ಕಾ ಬಿಸಿ ಮರಳಿನಲ್ಲಿ ಬರಿಗಾಲಲ್ಲೇ ಬಂದಳು.

"ಕೇಳಿಸಿತ್ತು ನಿಂಗೆ."

"ಕೇಳಿಸಿತ್ತು."

"ತಲೆನೋವು?"

"ಅವತ್ತು ಇರ್ಲಿಲ್ಲ. ಆಮೇಲೆ ಹನ್ನೆರಡು ವರ್ಷ ಇತ್ತು."

ನಗಬಾರದೆಂದುಕೊಂಡಿದ್ದರೂ ಅವಳಿಗೆ ನಗು ಬಂತು. ಹಿಂದೆಯೇ ಸಿಟ್ಟೂ ಬಂತು.

"ಒಂದು ಮಾತು ಹೇಳಿದ್ರೆ ಗಂಟೇನು ಹೋಗ್ತಿತ್ತೋ? ನಾನು ಇನ್ನೊಬ್ಬನ ಮನೆಗೆ ಹೋಗಿ ಬಂದೆ!"

"ಅದು ನನಗೆ ಅಂತ ಹಾಡಿದ್ದಲ್ಲ ಸಲ್ಕಾ. ಹೆಂಗಸರಿಗೆ ಹಾಡಿದ್ದು. ಕದ್ದು ಕೇಳಿದವನು ಅದು ನಂದು ಅಂತ ಬಂದು ನಿಂತ್ರೆ, ನೀನು ನಾಚಿಕೆಯಿಂದ ಮತ್ತೆ ನನ್ನ ಪಕ್ಕ ಕೂರ್ತಿದ್ಯಾ? ಕೂರದೇ ಇದ್ರೆ ಅನ್ನೋ ಭಯ ನಂಗೆ."

"ಇವತ್ತು ಸಕ್ಕರೆನಾದ್ರೂ ಕಳಿಸಬಹುದಿತ್ತು."

"ತಂದಿದ್ದೆ." ಅವನು ಗಿಟಾರ್ ಚೀಲ ತೆರೆದು ತೋರಿಸಿದ. ನೀಲಿ ಕಾಗದ ಮಾಸಿ, ಹರಿದು, ಅಚ್ಚಿನ ತುದಿ ಮುರಿದಿತ್ತು. "ಮೂರು ಸಲ ಬಾಗಿಲವರೆಗೆ ಬಂದೆ. ನಿಂಗೆ ಸ್ಪೇನು ಕಾಯ್ತಾ ಇದೆ. ಅಲ್ಲಿ ಅಷ್ಟು ದೊಡ್ಡ ಮನೆ. ನನ್ನ ಸಕ್ಕರೆ ನಿನ್ನ ದಾರಿಗೆ ಅಡ್ಡ ಬೀಳಬಾರದು ಅಂತ..."

"ನಿನ್ನಿಂದ ಓಡಿಹೋಗೋಕೆ ಸ್ಪೇನು ಕಣೋ, ಪೆದ್ದ."

ಅವನು ಮೊದಲ ಸಲ ತಲೆಯೆತ್ತಿ ಅವಳನ್ನು ನೇರವಾಗಿ ನೋಡಿದ. ಅದೇ ಹುಬ್ಬು. ಸಲ್ಕಾ ಮೆಲ್ಹ್‌ಫಾದ ಅಂಚನ್ನು ತುಟಿಯವರೆಗೆ ಎಳೆದುಕೊಂಡಳು. ಆದರೆ ನೋಟ ತೆಗೆಯಲಿಲ್ಲ.

"ಶುಕ್ರವಾರ?" ಕೇಳಿದ.

"ಲಾರಿ ಹೋಗ್ಲಿ. ಹಾಡೋಕೆ ಬರ್ತೀನಿ, ಆದ್ರೆ ನನ್ನ ಗಿಟಾರಿನವನ ಜೊತೆಗೇ ಬರ್ತೀನಿ, ಅವನ ಜೊತೆಗೇ ವಾಪಸ್ ಹೋಗ್ತೀನಿ ಅಂತ ಆ ಕಂಪನಿಯವರಿಗೆ ಹೇಳಿ ಕಳಿಸ್ತೀನಿ. ಒಪ್ಪಿದ್ರೆ ಒಪ್ಲಿ." ಆಮೇಲೆ ಅವನ ಕೈ ನೋಡಿದಳು. "ಬೆರಳು ತೋರ್ಸು."

ಅವನು ಹಿಂಜರಿದ. ಅವಳೇ ಕೈ ಹಿಡಿದು, ಉಗುರಿನಿಂದ ಗಂಟು ಸಡಿಲಿಸಿ, ಕಪ್ಪು ದಾರವನ್ನು ಸುತ್ತುಸುತ್ತಾಗಿ ಬಿಚ್ಚಿದಳು. ಒಳಗೆ ಬಿಸಿಲು ಕಾಣದ ಚರ್ಮ ಎಳೆಮಗುವಿನದಂತೆ ಬೆಳ್ಳಗಿತ್ತು. ಗಾಯ ಇರಲಿಲ್ಲ. ಕಲೆಯೂ ಕಣ್ಣಿಟ್ಟು ಹುಡುಕುವಷ್ಟೇ.

"ಇದು ಯಾವಾಗ ವಾಸಿಯಾಯ್ತು?"

"ಅದೇ ವಾರ."

"ಮತ್ತೆ ದಾರ?"

ಲಾರೂಸಿ ಬೆತ್ತಲಾದ ಬೆರಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ.

"ಹಾಡಲ್ಲಿ ನನ್ನ ಹೆಸರಿರ್ಲಿಲ್ಲ. ಇದ್ದದ್ದು ಈ ದಾರ ಒಂದೇ. ಬಿಚ್ಚಿಬಿಟ್ರೆ ಅದು ಬೇರೆ ಯಾರದ್ದೋ ಹಾಡಾಗಿಬಿಡುತ್ತೆ ಅಂತ... ಹರಿದಾಗಲೆಲ್ಲ ಹೊಸದು ಕಟ್ಕೊಂಡೆ."

ಸಲ್ಕಾ ದಾರವನ್ನು ಉಂಡೆ ಮಾಡಿ ತನ್ನ ಮುಷ್ಟಿಯಲ್ಲಿ ಇಟ್ಟುಕೊಂಡಳು. ಚೀಲದಿಂದ ಸಕ್ಕರೆ ಅಚ್ಚನ್ನು ಎತ್ತಿಕೊಂಡು ಡೇರೆಯತ್ತ ನಡೆದಳು.

ಬಾಗಿಲಲ್ಲಿ ನಿಂತಳು. ಒಳಗಿನ ಹೆಂಗಸರು, ಪರದೆಯ ಆಚೆಯ ಗಂಡಸರು, ನೆರೆಹೊರೆಯ ಡೇರೆಗಳು, ಎಲ್ಲರಿಗೂ ಕೇಳುವಂತೆ ಆ ಪ್ರಸಿದ್ಧ ದನಿಯನ್ನು ಎತ್ತಿ ಕರೆದಳು:

"ಲಾರೂಸೀ! ಒಳಗೆ ಬಾರೋ, ಟೀ ಆರಿಹೋಗ್ತಿದೆ!"